ಮುಚ್ಚಳಿಕೆಯ ಮನೆ

2018ನೆಯ ಇಸವಿಯ ಬೇಸಗೆಯ ಮಾತು. ಹಲಸೂರಿನ ಸೋಮೇಶ್ವರ ದೇವಸ್ಥಾನದ ಬಳಿ ಹೂ ಮಾರುವ ಹೆಂಗಸೊಬ್ಬಳು ಒಂದು ಬೆಳಗ್ಗೆ ನಮ್ಮ ಮನೆಯ ಜಗಲಿಯ ಮೇಲೆ ಬುಟ್ಟಿ ಇಳಿಸಿ, ಸೆರಗಿನ ತುದಿಯಲ್ಲಿ ಸುತ್ತಿಟ್ಟಿದ್ದ ಕಾಗದವೊಂದನ್ನು ನನ್ನ ಕೈಗೆ ಕೊಟ್ಟಳು.

“ಸಾರ್, ಇದಕ್ಕೆ ನಾನು ಸೈನು ಹಾಕ್ಬೇಕಂತೆ. ಸ್ವಲ್ಪ ಓದಿ ಹೇಳಿ. ಹಾಕಿದ್ಮೇಲೆ ಮನೆ ನಂದಾ, ಗೌರ್ಮೆಂಟಿಂದಾ?”

ಹಿಂದಿನ ವರ್ಷ ಬೆಂಗಳೂರಿನಲ್ಲಿ ಸುರಿದ ಮಳೆಯನ್ನು ಓದುಗರು ಮರೆತಿರಲಾರರು. ಆ ಮಳೆಗೆ ಆಕೆಯ ಮನೆಯ ಹಿಂದಿನ ಗೋಡೆ ಕುಳಿತುಹೋಗಿತ್ತು. ಮಾವನ ಕಾಲದ ಮಣ್ಣಿನ ಗೋಡೆ. ಮೇಲೆ ನಾಡಹೆಂಚು ಇದ್ದುದು ಹೋಗಿ ತಗಡಿನ ಶೀಟು ಬಂದಿತ್ತು. ಸರ್ಕಾರದ ವಸತಿ ಯೋಜನೆಯೊಂದರಲ್ಲಿ ಆಕೆಯ ಹೆಸರು ಮಂಜೂರಾಗಿತ್ತು. ಕಾಗದ ಅದರ ಮುಚ್ಚಳಿಕೆ. ಹಳೆಯ ಮನೆಯನ್ನು ಸ್ವಂತ ಖರ್ಚಿನಲ್ಲಿ ಕೆಡವಿಸತಕ್ಕದ್ದು. ದೇಶದಲ್ಲಿ ಎಲ್ಲಿಯೂ ಬೇರೆ ಪಕ್ಕಾ ಮನೆ ಇಲ್ಲವೆಂದು ಪ್ರಮಾಣ ಮಾಡತಕ್ಕದ್ದು. ಒಪ್ಪಿಗೆಯಾದ ನಕ್ಷೆಯಂತೆಯೇ ಕಟ್ಟತಕ್ಕದ್ದು. ಪಾಯ, ಲಿಂಟಲು, ಮೋಲ್ಡು, ಗಿಲಾವು ಮುಗಿದಾಗಲೆಲ್ಲ ಮನೆಯ ಮುಂದೆ ತಾನು ನಿಂತು ಫೋಟೋ ತೆಗೆಸತಕ್ಕದ್ದು, ಅದಾದ ಮೇಲೆಯೇ ಆಯಾ ಕಂತಿನ ಹಣ. ಮುಗಿದ ಮನೆಯಲ್ಲಿ ತಾನೇ ವಾಸಿಸತಕ್ಕದ್ದು, 5 ವರ್ಷ ಮಾರತಕ್ಕದ್ದಲ್ಲ, ಬಾಡಿಗೆಗೆ ಕೊಡತಕ್ಕದ್ದಲ್ಲ. ತಪ್ಪಿದರೆ ಹಣವನ್ನು ಹಿಂದಕ್ಕೆ ಕಟ್ಟತಕ್ಕದ್ದು. ಒಂದೂವರೆ ಪುಟದಲ್ಲಿ ಇಷ್ಟೊಂದು ‘ತಕ್ಕದ್ದು’ಗಳು.

“ಮನೆ ನಿನ್ನದೇ ಅಮ್ಮ, ಧೈರ್ಯವಾಗಿ ಹಾಕು” ಎಂದೆ. ಆಕೆ ಎರಡು ಮೊಳ ಮಲ್ಲಿಗೆಯನ್ನು ಜಗಲಿಯ ಮೇಲಿಟ್ಟು ಹೋದಳು. ಆದರೆ ಆ ಪ್ರಶ್ನೆ ಹೋಗಲಿಲ್ಲ. ಇದೇ ಹಲಸೂರಿನ ಸುತ್ತಮುತ್ತ, ನೂರು ವರ್ಷಕ್ಕೂ ಹಿಂದೆ, ಇದೇ ಪ್ರಶ್ನೆಯನ್ನು ಎಷ್ಟೋ ಗೃಹಸ್ಥರು ತಮ್ಮ ತಮ್ಮ ಮನೆಯ ಮುಂದೆ ನಿಂತು ಕೇಳಿಕೊಂಡಿರಬೇಕು ಎನ್ನಿಸಿತು.

ಹಲಸೂರು ದಂಡಿಗಿಂತ ಹಳೆಯದು. ಕೆರೆಯೂ ಸೋಮೇಶ್ವರನೂ ಇದ್ದ ಊರಿನ ಮಗ್ಗುಲಿಗೆ 1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದ ತಮ್ಮ ಸೈನ್ಯವನ್ನು ತಂದು ನೆಲೆಗೊಳಿಸಿದರು. ಸೈನ್ಯದ ಹಿಂದೆ ದರ್ಜಿ, ಕಮ್ಮಾರ, ದಿನಸಿಯವನು, ಗಾರೆಯವನು, ದೋಬಿ, ಅಡಿಗೆಯವನು ಎಲ್ಲರೂ ಬಂದರು. ತಮಿಳು, ತೆಲುಗು, ಉರ್ದು ಮಾತುಗಳು ಕನ್ನಡದ ಪಕ್ಕದಲ್ಲಿ ಮನೆ ಹೂಡಿದವು. ಬಂದವರಿಗೆಲ್ಲ ಬಂಗಲೆ ಎಲ್ಲಿಂದ ಬರಬೇಕು? ಹಲಸೂರಿನ ಪೇಟೆಯಲ್ಲಿಯೂ, ಈಗ ಶಿವಾಜಿನಗರವೆನ್ನುವ ಅಂದಿನ ಬ್ಲ್ಯಾಕ್‌ಪಳ್ಳಿಯಲ್ಲಿಯೂ ಗೋಡೆಗೆ ಗೋಡೆ ತಾಗಿಸಿ ಮನೆಗಳೆದ್ದವು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದಾಗಲೂ ದಂಡು ಮಾತ್ರ ಇಂಗ್ಲಿಷರ ವಶದಲ್ಲಿಯೇ ಉಳಿಯಿತು. ಹೀಗಾಗಿ ಒಂದೇ ಬೆಂಗಳೂರಿನಲ್ಲಿ ಎರಡು ಆಡಳಿತ, ಎರಡು ಪುರಸಭೆ. ಇಲಿಗಳಿಗೆ ಮಾತ್ರ ಈ ಗಡಿ ತಿಳಿದಿರಲಿಲ್ಲ.

1896ರಲ್ಲಿ ಬೊಂಬಾಯಿಗೆ ಬಂದ ಪ್ಲೇಗು ರೈಲುಹಳಿ ಹಿಡಿದು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಮೈಸೂರು ಸರ್ಕಾರ ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರನ್ನಾಗಿ ನೇಮಿಸಿತು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಬಯಲಿನ ಗುಡಿಸಲುಗಳಿಗೆ ಹೋಯಿತು. ನಮ್ಮ ಅಜ್ಜಿಯರ ತಲೆಮಾರಿನವರು ಕಾಲವನ್ನು ಎಣಿಸುತ್ತಿದ್ದುದೇ ಪ್ಲೇಗಿನಿಂದ: ‘ಮೊದಲನೆಯ ಪ್ಲೇಗಿನಲ್ಲಿ ಹುಟ್ಟಿದವನು’, ‘ಪ್ಲೇಗಿಗೆ ಊರು ಬಿಟ್ಟ ವರ್ಷ ಮದುವೆಯಾದದ್ದು’ ಎಂದು. ರೋಗ ಹೇಗೆ ಹರಡುತ್ತದೆಂಬುದು ಆಗ ವೈದ್ಯರಿಗೇ ಒಪ್ಪಿತವಾಗಿರಲಿಲ್ಲ. ಇಲಿಯ ಮೈಮೇಲಿನ ಚಿಗಟ ಅದನ್ನು ಹೊತ್ತು ತರುತ್ತದೆಂದು ಸೈಮಾಂಡ್ ಎಂಬ ಫ್ರೆಂಚ್ ವೈದ್ಯ 1898ರಲ್ಲಿಯೇ ಹೇಳಿದ, ನಂಬಿದವರು ಕಡಿಮೆ. 1905ರಿಂದ ಮುಂದೆ ಬೊಂಬಾಯಿಯಲ್ಲಿ ನಡೆದ ಪ್ರಯೋಗಗಳ ಮೇಲೆ ಆ ಮಾತು ನಿಂತಿತು.

ಇದು ನಿಂತ ಮೇಲೆ ದೋಷಾರೋಪಣೆಯ ದಿಕ್ಕೇ ಬದಲಾಯಿತು. ಅಲ್ಲಿಯವರೆಗೆ ಗಾಳಿ ಕೆಟ್ಟದ್ದು, ನೀರು ಕೆಟ್ಟದ್ದು, ಮಾರಿಯ ಮುನಿಸು. ಈಗ ಅಪರಾಧಿ ಮನೆ! ಮಣ್ಣಿನ ಗೋಡೆಯಲ್ಲಿ ಬಿಲ, ನಾಡಹೆಂಚಿನ ಕೆಳಗೆ ಗೂಡು, ಅಟ್ಟದ ಮೇಲೆ ಹಳೆಯ ಸಾಮಾನು, ನಡುಮನೆಯ ಮೂಲೆಯಲ್ಲಿ ರಾಗಿಯ ಚೀಲ, ಸಗಣಿ ಸಾರಿಸಿದ ಮೆತ್ತನೆಯ ನೆಲ. ನಾವು ಸುಖವೆಂದು ತಿಳಿದದ್ದೆಲ್ಲ ಇಲಿಗೂ ಸುಖವೇ. ಇಲಿ ಸೇರದಂಥ ಮನೆ ಕಟ್ಟಬೇಕಾದರೆ ಹಳೆಯ ಬೀದಿಗಳನ್ನು ಒಡೆದು ಸಡಿಲಿಸಬೇಕು. ಒಡೆದವರಿಗೆ ಬೇರೆ ಜಾಗ ಕೊಡಬೇಕು. ನಗರದ ಕಡೆ ಪ್ಲೇಗಿಗಿಂತ ಸ್ವಲ್ಪ ಮುಂಚೆಯೇ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಗೆರೆ ಎಳೆದಿದ್ದ ಬಸವನಗುಡಿ, ಮಲ್ಲೇಶ್ವರಗಳಿಗೆ ಜನ ಹೋಗಲು ಪ್ಲೇಗೇ ಪ್ರೇರಣೆಯಾಯಿತು. ದಂಡಿನ ಕಡೆ, ಹಲಸೂರು ಕೆರೆಯ ಉತ್ತರಕ್ಕೆ ರೈಲುಹಳಿಯ ಆಚೆ, 1910ರ ಸುಮಾರಿಗೆ ಫ್ರೇಜರ್ ಟೌನ್ ತಲೆಯೆತ್ತಿತು. ರೆಸಿಡೆಂಟರಾಗಿದ್ದ ಸ್ಟುವರ್ಟ್ ಫ್ರೇಜರರ ಹೆಸರು ಅದಕ್ಕೆ, ಈಗ ಪುಲಕೇಶಿನಗರ. ದಂಡಿನ ಪುರಸಭೆಯ ಎಂಜಿನಿಯರ್ ಜೆ. ಎಚ್. ಸ್ಟೀಫನ್ಸ್ ಈ ಬಡಾವಣೆಯ ವಿಷಯವಾಗಿ 1914ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ. ಅದರ ಹೆಸರು ಹೇಳುವ ಪ್ರಕಾರ ಇದು ಪ್ಲೇಗು ಹೊಗಲಾರದ ಊರು. ಬೆಂಕಿ ಹೊಗದ ಪೆಟ್ಟಿಗೆಯೆಂದು ಕೇಳಿದ್ದೇವೆ; ರೋಗ ಹೊಗದ ಊರು! ಆ ಕಾಲದ ಎಂಜಿನಿಯರರ ಆತ್ಮವಿಶ್ವಾಸ ದೊಡ್ಡದು.

ಈ ಹೊಸ ಊರಿನಲ್ಲಿ ಸರ್ಕಾರದ ಪಾಲು ಯಾವುದು, ಮನೆಯವನ ಪಾಲು ಯಾವುದು ಎಂಬುದು ನನ್ನ ವಿಷಯ. ಅಗಲವಾದ ರಸ್ತೆ, ಚರಂಡಿ, ಮನೆಗಳ ಹಿಂಬದಿಯಲ್ಲಿ ಕಕ್ಕಸು ತೆಗೆಯುವವರು ಬಂದುಹೋಗಲು ಓಣಿ, ಅಳತೆ ಮಾಡಿದ ನಿವೇಶನ: ಇದು ಪುರಸಭೆಯದು. ಆ ಓಣಿಗಳಲ್ಲಿ ಕೆಲವು ಈಗಲೂ ಇವೆ. ಕೆಲವಕ್ಕೆ ಮನೆಯವರೇ ಬಾಗಿಲು ಹಾಕಿಸಿಕೊಂಡಿದ್ದಾರೆ. ಮಿಕ್ಕದ್ದೆಲ್ಲ ಮನೆಯವನ ಹೆಗಲಿನ ಮೇಲೆ. ನೆಲಕ್ಕೆ ಕಲ್ಲುಚಪ್ಪಡಿಯೋ ಗಟ್ಟಿಯಾದ ಗಾರೆಯೋ ಆಗಬೇಕು. ಗೋಡೆಯಲ್ಲಿ ಪೊಳ್ಳು ಇರಬಾರದು. ಸೂರಿಗೂ ಒಳಚಾವಣಿಗೂ ನಡುವೆ ಇಲಿ ಓಡಾಡುವ ಸಂದು ಇರಬಾರದು. ಕೋಣೆಗೆ ಬೆಳಕು ಬೀಳಬೇಕು. ಪಕ್ಕದ ಮನೆಗೆ ಆತುಕೊಳ್ಳದೆ ಸುತ್ತ ತೆರಪು ಬಿಡಬೇಕು. ಇವನ್ನೆಲ್ಲ ಕಟ್ಟುವ ದಿನ ಮಾಡಿ ಮುಗಿಸಬಹುದು. ಮುಗಿಯದ ಕೆಲಸ ಇನ್ನೊಂದಿದೆ. ಮಾರನೆಯ ವರ್ಷ ಮೂಲೆಯ ಗಾರೆ ಎದ್ದುಬಂದರೆ ಮುಚ್ಚುವವರು ಯಾರು? ಅತ್ತೆ ಊರಿನಿಂದ ಬಂದು ಅಟ್ಟವಿಲ್ಲದ ಮನೆ ಮನೆಯೇ ಅಲ್ಲವೆಂದು ಹಲಗೆ ಹೊಡೆಸಿದರೆ ಬೇಡವೆನ್ನುವವರು ಯಾರು? ರಾಗಿಯನ್ನು ತಗಡಿನ ಡಬ್ಬಕ್ಕೆ ತುಂಬುವವರು ಯಾರು? ಒಂದು ಮನೆಯವರ ಸೋಮಾರಿತನ ಬೀದಿಗೆಲ್ಲ ಇಲಿ ತಂದೀತು. ಪ್ಲೇಗು ಹೊಗದ ಊರು ಕೊನೆಗೆ ಎಂಜಿನಿಯರನ ನಕ್ಷೆಯ ಮೇಲಲ್ಲ, ಗೃಹಿಣಿಯ ಪೊರಕೆಯ ಮೇಲೆ ನಿಂತಿತ್ತು. ಪುಸ್ತಕ ಬರೆದವರು ಸಾಮಾನ್ಯವಾಗಿ ಪೊರಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದರೆ ಈ ಹೊಣೆಯನ್ನು ಹೊರಲು ಮೊದಲು ಒಂದು ಅರ್ಹತೆ ಬೇಕು: ಹೊರುವಷ್ಟು ಇರಬೇಕು. ನಿವೇಶನಕ್ಕೆ ಹಣ, ಚಪ್ಪಡಿಗೆ ಹಣ, ಕಟ್ಟುವವರೆಗೆ ಇನ್ನೊಂದು ಕಡೆ ಇರುವುದಕ್ಕೆ ಹಣ. ಹಲಸೂರು, ಬ್ಲ್ಯಾಕ್‌ಪಳ್ಳಿಗಳ ಇಕ್ಕಟ್ಟಿನ ಮನೆಗಳಲ್ಲಿ ಬಾಡಿಗೆಗಿದ್ದವನಿಗೆ ಇದಾವುದೂ ಇರಲಿಲ್ಲ. ಮನೆ ಕೆಡವಿದರೆ ಮಾಲೀಕನಿಗೆ ನಷ್ಟ. ಬಾಡಿಗೆದಾರನಿಗೆ ಮನೆಯೇ ಇಲ್ಲ. ಅವನು ಇನ್ನೊಂದು ಇಕ್ಕಟ್ಟಿಗೆ ಹೋಗುತ್ತಿದ್ದ. ಅವನ ಜತೆಗೆ ಇಲಿಯೂ. ಇದು ಅಂದಿನ ಯೋಜನೆಯ ದೊಡ್ಡ ಕೊರತೆ ಎಂದು ನನ್ನ ಅಭಿಪ್ರಾಯ. ಈ ಕೊರತೆಯನ್ನು ತುಂಬುವ ಪ್ರಯತ್ನವೊಂದನ್ನು ಹಲಸೂರಿನ ನೆರೆಯಲ್ಲಿಯೇ ನೋಡಬಹುದು. ಕೂಲಿಕಾರರ ಬಸ್ತಿಯಾಗಿದ್ದ ನಾಕ್ಸ್‌ಪೇಟೆಯಲ್ಲಿ ದಂಡಿನ ಪುರಸಭೆಯವರು ಬಡವರಿಗಾಗಿ ಮಾದರಿ ಮನೆಗಳನ್ನು ಕಟ್ಟಿಸಿದರು. ಎಂಜಿನಿಯರ್ ಮರ್ಫಿಯ ಹೆಸರಿನಿಂದ ಅದು ಮರ್ಫಿ ಟೌನ್ ಆಯಿತು. ಇಲ್ಲಿ ಬಡವನಿಗೆ ಸಿಕ್ಕಿದ್ದು ಕಟ್ಟಿ ಮುಗಿದ ಮನೆ; ಅಳತೆ, ಕೋಣೆ, ಬಾಗಿಲಿನ ದಿಕ್ಕು ಎಲ್ಲವನ್ನೂ ಬೇರೆಯವರು ಗೊತ್ತುಮಾಡಿದ್ದರು. ಉಳ್ಳವನಿಗೆ ನಿವೇಶನ ಕೊಟ್ಟು ಕಟ್ಟಿಕೋ ಎನ್ನುವುದು, ಇಲ್ಲದವನಿಗೆ ಕಟ್ಟಿಕೊಟ್ಟು ಇರು ಎನ್ನುವುದು: ಸರ್ಕಾರದ ನೆರವಿನ ಈ ಎರಡು ದಾರಿಗಳೂ ಹೀಗೆ ಹಲಸೂರಿನ ಎರಡು ಮಗ್ಗುಲಲ್ಲಿ ಆಗಲೇ ಇದ್ದವು.

1947ರಲ್ಲಿ ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಎರಡು ಪುರಸಭೆಗಳೂ ಸೇರಿ ಒಂದು ಕಾರ್ಪೊರೇಷನ್ ಆದವು. ಆ ಮೇಲಿನ ಕಥೆ ನಮ್ಮಂಥ ಮಧ್ಯಮ ವರ್ಗದವರಿಗೆ ಚೆನ್ನಾಗಿ ಗೊತ್ತು. 1945ರಲ್ಲಿ ಹುಟ್ಟಿದ ಸಿ.ಐ.ಟಿ.ಬಿ., 1976ರಲ್ಲಿ ಅದರ ಜಾಗಕ್ಕೆ ಬಂದ ಬಿ.ಡಿ.ಎ. ಇವು ಹಂಚಿದ ನಿವೇಶನಗಳಲ್ಲಿ ಕುಳಿತು ನಾವು ಈ ಪತ್ರಿಕೆಗಳನ್ನು ಓದುತ್ತೇವೆ. ಬಡವರಿಗೆ ಸರ್ಕಾರ ಷರತ್ತು ಹಾಕಿದರೆ ‘ಹೌದು, ಹಾಕಲೇಬೇಕು, ಇಲ್ಲದಿದ್ದರೆ ಮಾರಿಕೊಂಡುಬಿಡುತ್ತಾರೆ’ ಎಂದು ತಲೆದೂಗುವವರು ದಯವಿಟ್ಟು ತಮ್ಮ ಬೀರುವಿನಲ್ಲಿರುವ ಲೀಸ್ ಕಂ ಸೇಲ್ ಪತ್ರವನ್ನು ಒಮ್ಮೆ ತೆಗೆದು ನೋಡಬೇಕು. ಹತ್ತು ವರ್ಷ ಮಾರಕೂಡದು, ಗಡುವಿನೊಳಗೆ ಮನೆ ಕಟ್ಟಬೇಕು, ತಪ್ಪಿದರೆ ನಿವೇಶನ ಹಿಂದಕ್ಕೆ ಎಂದು ಅಲ್ಲಿಯೂ ಬರೆದಿದೆ. ಆ ಗಡುವುಗಳನ್ನು ನಾವು ಎಷ್ಟು ಭಯಭಕ್ತಿಯಿಂದ ಪಾಲಿಸಿದೆವೆಂಬುದಕ್ಕೆ ಬಡಾವಣೆಗಳಲ್ಲಿ ದಶಕಗಟ್ಟಲೆ ಪಾರ್ಥೇನಿಯಂ ಬೆಳೆದ ನಿವೇಶನಗಳೇ ಸಾಕ್ಷಿ. ನಾನೂ ಸರ್ಕಾರಿ ನೌಕರನಾಗಿದ್ದವನು. ಗೃಹನಿರ್ಮಾಣದ ಮುಂಗಡ ಪಡೆದು ಮನೆ ಕಟ್ಟಿದವನು. ಮನೆಯನ್ನು ಸರ್ಕಾರಕ್ಕೆ ಅಡವಿಡುತ್ತೇನೆ, ವಿಮೆ ಮಾಡಿಸುತ್ತೇನೆ, ಸುಸ್ಥಿತಿಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದೆಲ್ಲ ರುಜು ಹಾಕಿದ್ದೆ. ಹೂವಿನವಳಿಗೆ ಧೈರ್ಯ ಹೇಳುವಾಗ ಅದು ನನಗೆ ನೆನಪೇ ಆಗಲಿಲ್ಲ.

ಕಟ್ಟಿಕೊಡುವ ದಾರಿ, ಕಟ್ಟಿಸಿಕೊಳ್ಳುವ ದಾರಿ, ಎರಡರಲ್ಲಿ ಯಾವುದು ಮೇಲು? ಇದಕ್ಕೆ ಉತ್ತರವನ್ನು ಉತ್ತರ ಕರ್ನಾಟಕದ ಎರಡು ನೆರೆಗಳು ಕೊಟ್ಟಿವೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಮಳೆಗೆ ಕೃಷ್ಣಾ, ಭೀಮಾ, ತುಂಗಭದ್ರಾ ತೀರದ ಹಳ್ಳಿಗಳು ಮುಳುಗಿದಾಗ ಸರ್ಕಾರ ‘ಆಸರೆ’ ಎಂಬ ಯೋಜನೆಯನ್ನು ಹೂಡಿತು. ದಾನಿಗಳು, ಕಂಪನಿಗಳು, ಮಠಗಳು ಕೈಜೋಡಿಸಿದವು. ಎತ್ತರದ ಜಾಗದಲ್ಲಿ ಸಾಲುಸಾಲಾಗಿ ಮನೆಗಳೆದ್ದವು. ಒಳ್ಳೆಯ ಮನಸ್ಸಿನ ಕೆಲಸ, ಅದರಲ್ಲಿ ಸಂದೇಹವಿಲ್ಲ. ಆದರೂ ಎಷ್ಟೋ ಮನೆಗಳಿಗೆ ಜನ ಹೋಗಲಿಲ್ಲ. ಹೊಲ ದೂರ, ಎತ್ತು ಕಟ್ಟಲು ಜಾಗವಿಲ್ಲ, ಮೇವಿನ ಬಣವೆ ಎಲ್ಲಿ ಒಟ್ಟಬೇಕು? ಮನೆ ಅವರ ಹೆಸರಿನಲ್ಲಿತ್ತು, ಅವರ ಲೆಕ್ಕದಲ್ಲಿರಲಿಲ್ಲ. ಕಟ್ಟುವಾಗ ಯಾವ ಹೊಣೆಯನ್ನೂ ಕೊಡದಿದ್ದವರಿಗೆ ಕಟ್ಟಿದ ಮೇಲೆ ಕಾಪಾಡುವ ಹೊಣೆಯನ್ನು ಹೇಗೆ ಹೊರಿಸುವುದು? ಬಾಗಿಲು, ಕಿಟಕಿಗಳು ಒಂದೊಂದಾಗಿ ಮಾಯವಾದವು. ಗೋಡೆಯ ಸಂದಿಯಲ್ಲಿ ಜಾಲಿ ಹುಟ್ಟಿತು.

ಹತ್ತು ವರ್ಷದ ಮೇಲೆ, 2019ರ ಆಗಸ್ಟಿನಲ್ಲಿ, ಬೆಳಗಾವಿ, ಬಾಗಲಕೋಟೆಯ ಕಡೆ ಮತ್ತೆ ನೀರು ಬಂತು. ಈ ಸಾರಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅದರಲ್ಲಿ ಮೊದಲ ಕಂತು 1 ಲಕ್ಷ, ಮಿಕ್ಕದ್ದು ಕೆಲಸ ಏರಿದಂತೆ; ಕಟ್ಟುವವರು ಸಂತ್ರಸ್ತರೇ. 2001ರ ಭುಜ್ ಭೂಕಂಪದ ಮೇಲೆ ಗುಜರಾತಿನಲ್ಲಿ ನಡೆದದ್ದೂ ಇದೇ ಕ್ರಮ: ಹಣ ಮೂರು ಕಂತಿನಲ್ಲಿ, ನಡುವೆ ಎಂಜಿನಿಯರನ ತಪಾಸಣೆ, ಕೆಲಸ ಮನೆಯವರದು. ಅಲ್ಲಿ ಬಹುಮಟ್ಟಿಗೆ ಗೆದ್ದಿತು. ನಮ್ಮಲ್ಲಿಯೂ ತನ್ನ ಮನೆಯನ್ನು ತಾನೇ ನಿಂತು ಕಟ್ಟಿಸಿದವನು ಅದನ್ನು ಬಿಟ್ಟು ಹೋಗಲಿಲ್ಲ. ಆದರೆ ಪಾಯಕ್ಕೆ ಬಂದು ನಿಂತುಹೋದ ಮನೆಗಳೂ ಬಹಳ. ಕಾರಣವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮೊದಲ ಕಂತು ಬಂದ ದಿನ ಮನೆಯಲ್ಲಿ ಕಾಳಿಲ್ಲ, ಹೊಲದಲ್ಲಿ ಬೆಳೆಯಿಲ್ಲ, ಸಾಲಗಾರ ಬಾಗಿಲಲ್ಲಿದ್ದಾನೆ. ಪಾಯದ ಹಣ ಹೊಟ್ಟೆಗೆ ಹೋಗುತ್ತದೆ. ಪಾಯವಿಲ್ಲದೆ ಎರಡನೆಯ ಕಂತಿಲ್ಲ. ಎರಡನೆಯ ಕಂತಿಲ್ಲದೆ ಪಾಯವಿಲ್ಲ. ಮನೆ ಏಳುವವರೆಗೆ ಬಾಡಿಗೆಗೆಂದು ತಿಂಗಳಿಗೆ 5,000 ರೂಪಾಯಿಯನ್ನು ಸರ್ಕಾರ ಆ ವರ್ಷ ಘೋಷಿಸಿತು. ಇದು ಯೋಚನೆ ಮಾಡಿದವರು ಮಾಡಿದ ಕೆಲಸ. ಮನೆ ಕಟ್ಟುವ ಬಡವನ ಮೊದಲ ಖರ್ಚು ಸಿಮೆಂಟಲ್ಲ, ಆ ಆರು ತಿಂಗಳು ತಲೆಯ ಮೇಲೆ ಇನ್ನೊಂದು ಸೂರು.

ಇದನ್ನು ನಾನು ಓದಿ ಕಲಿತದ್ದಲ್ಲ, ಹೂವಿನವಳ ಮನೆ ಏಳುವುದನ್ನು ನೋಡಿ ಕಲಿತದ್ದು. ಬೆಂಗಳೂರಿನಲ್ಲಿ ಸಣ್ಣ ನಿವೇಶನವಿದ್ದವರಿಗೆ ‘ಒಂಟಿಮನೆ’ ಮುಂತಾದ ಯೋಜನೆಗಳಲ್ಲಿ ನೆರವು ಪಡೆದ ಸಾವಿರಾರು ಜನ ಇದೇ ಹಾದಿಯನ್ನು ತುಳಿದಿದ್ದಾರೆ. ಮುಚ್ಚಳಿಕೆಯಲ್ಲಿ ಬರೆದ ಹೊಣೆಗಳು ಸುಲಭ, ಬರೆಯದಿದ್ದವೇ ಕಷ್ಟ. ಹಳೆಯ ಗೋಡೆ ಕೆಡವುವ ಮುಂಚೆ ಪಕ್ಕದ ಮನೆಯವರು ಬಂದು, ಅದು ತಮಗೂ ಸೇರಿದ ಗೋಡೆ ಎಂದರು. ಹೌದು, ಗೋಡೆ ಒಂದೇ, ಮನೆ ಎರಡು. ಹಿರಿಯರಿಬ್ಬರು ಕುಳಿತು ಮಾತಾಡಿ, ಆಕೆ ತನ್ನ ಕಡೆ ಒಂಬತ್ತು ಅಂಗುಲ ಒಳಕ್ಕೆ ಸರಿದು ಕಟ್ಟುವುದೆಂದೂ ಅವರ ಗೋಡೆಗೆ ಗಿಲಾವು ಮಾಡಿಸಿಕೊಡುವುದೆಂದೂ ತೀರ್ಮಾನವಾಯಿತು. ಒಂಬತ್ತು ಅಂಗುಲವೆಂದರೆ ನಮಗೆ ಏನೂ ಅಲ್ಲ. ಆಕೆಯ ಮನೆಯಲ್ಲಿ ಅದು ಒಬ್ಬರು ಮಲಗುವ ಜಾಗ. ಮೇಸ್ತ್ರಿ ಪಾಯ ಹಾಕಿ ಇನ್ನೊಂದು ದೊಡ್ಡ ಕೆಲಸಕ್ಕೆ ಹೋದ. ಆಕೆ ಹೂ ಕಟ್ಟುವುದನ್ನು ಮಗಳಿಗೆ ಬಿಟ್ಟು ಮೂರು ದಿನ ಅವನ ಕೆಲಸದ ಜಾಗಕ್ಕೆ ಹೋಗಿ ಕುಳಿತು ಕರೆತಂದಳು. ಕಂಬಿ ಎಷ್ಟು ಬಂತು, ಎಷ್ಟು ಮೂಟೆ ಸಿಮೆಂಟು ಇಳಿಯಿತು ಎಂಬುದನ್ನು ಹೂವಿನ ಸಾಲದ ಲೆಕ್ಕವಿಡುವ ಪುಸ್ತಕದಲ್ಲಿಯೇ ಗೀಟು ಹಾಕಿ ಇಟ್ಟಳು. ಮೋಲ್ಡು ಹಾಕಿದ ಮೇಲೆ ಎರಡು ವಾರ ನೀರು ನಿಲ್ಲಿಸಬೇಕೆಂದು ಮೇಸ್ತ್ರಿ ಹೇಳಿದ್ದೇ ತಡ, ಬೆಳಗಿನ ಜಾವ ಮಾರ್ಕೆಟ್ಟಿಗೆ ಹೋಗುವ ಮುಂಚೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಪೂಜೆಯ ಗಿರಾಕಿ ಮುಗಿದ ಮೇಲೆ ಒಮ್ಮೆ ಏಣಿ ಹತ್ತಿ ಕೊಡದಲ್ಲಿ ನೀರು ಸುರಿದಳು. ಅನುದಾನದ ಮೇಲೆ ಆದ ಖರ್ಚಿಗೆ ಓಲೆ ಹೋಯಿತು, ಚೀಟಿಯ ಹಣ ಹೋಯಿತು.

ಒಮ್ಮೆ ಮಾತ್ರ ಕೆಲಸ ನಿಲ್ಲುವಂತಾಗಿತ್ತು. ಲಿಂಟಲಿನ ಫೋಟೋ ಆದ ಮೇಲೆ ಕಂತು ಬರುವುದು ತಡವಾಯಿತು. ನಾನು ಅರ್ಜಿ ಬರೆದುಕೊಡಲೇ ಎಂದೆ. “ಬರೀರಿ ಸಾರ್, ಆದ್ರೆ ಜೋರಾಗಿ ಬರೀಬೇಡಿ” ಎಂದಳು. ಮೆಲ್ಲಗೆ ಬರೆದೆ. ಸರ್ಕಾರಕ್ಕೂ ಒಂದು ಮುಚ್ಚಳಿಕೆ ಇರಬೇಕಿತ್ತು ಎಂದು ನನಗೆ ತೋರಿದ್ದು ಆಗ. ಮನೆಯವಳು ಇಷ್ಟು ದಿನದಲ್ಲಿ ಪಾಯ ಮುಗಿಸತಕ್ಕದ್ದು ಎಂದಿರುವಂತೆ, ಮುಗಿಸಿದ ಇಷ್ಟು ದಿನದಲ್ಲಿ ಹಣ ಕೊಡತಕ್ಕದ್ದು ಎಂದು ಅದೇ ಕಾಗದದ ಇನ್ನೊಂದು ಮಗ್ಗುಲಲ್ಲಿ ಬರೆದು, ಕೆಳಗೆ ಅಧಿಕಾರಿಯ ರುಜು ಹಾಕಿಸಿದ್ದರೆ ಕಾಗದಕ್ಕೇನೂ ಭಾರವಾಗುತ್ತಿರಲಿಲ್ಲ. ಫ್ರೇಜರ್ ಟೌನಿನವನಿಗೆ ರಸ್ತೆ, ಚರಂಡಿ ಕಣ್ಣ ಮುಂದೆ ಇದ್ದವು. ಪುರಸಭೆ ತನ್ನ ಪಾಲನ್ನು ಮಾಡಿದೆಯೆಂಬುದನ್ನು ಅವನು ನಿಂತಲ್ಲಿಯೇ ಕಾಣಬಹುದಾಗಿತ್ತು. ಬ್ಯಾಂಕಿನ ಪುಸ್ತಕವನ್ನು ದಿನವೂ ಮಷೀನಿಗೆ ತೂರಿಸಿ ನೋಡಬೇಕಾದವಳ ಪಾಡು ಬೇರೆ.

2019ರ ಮಳೆಗಾಲಕ್ಕೆ ಮುಂಚೆ ಗೃಹಪ್ರವೇಶವಾಯಿತು. ಕೊನೆಯ ಫೋಟೋಕ್ಕೆ ಆಕೆ ಮದುವೆಯ ಸೀರೆ ಉಟ್ಟು ನಿಂತಿದ್ದಳು. ಒಳಗೆ ಹೋಗಿ ನೋಡಿದೆ: ಒಂದು ಕೋಣೆ, ಅಡಿಗೆಯ ಮೂಲೆ, ಬಚ್ಚಲು, ಕಕ್ಕಸು, ಸಿಮೆಂಟಿನ ನೆಲ, ರಾಗಿ ಕಲ್ಲುಚಪ್ಪಡಿಯ ಮೇಲೆ ತಗಡಿನ ಡಬ್ಬದಲ್ಲಿ. ಸ್ಟೀಫನ್ಸನಿಗೆ ಸಂತೋಷವಾಗುತ್ತಿತ್ತು. ಮುಚ್ಚಳಿಕೆಯ ನಕಲನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ದೇವರ ಪಟದ ಹಿಂದೆ ಸಿಕ್ಕಿಸಿದ್ದಳು. ಅದನ್ನು ತೆಗೆದು, 5 ವರ್ಷ ಎಂದರೆ ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಕೇಳಿದಳು.

“ಯಾಕಮ್ಮ, ಮಾರಬೇಕೆಂದಿದ್ದೀಯಾ?”

“ಅಯ್ಯೋ, ಬಿಡ್ತು ಅನ್ನಿ ಸಾರ್! ಸುಮ್ನೆ ತಿಳ್ಕೊಂಡಿರೋಣ ಅಂತ.”

ಲೆಕ್ಕ ಹಾಕಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಟ್ಟೆ, ಬರೆದು ಮರೆತೆ. 2024ರಲ್ಲಿ ಒಂದು ದಿನ ಬೆಳಗ್ಗೆ ಹೂವಿನ ಜತೆಗೆ ಒಂದು ಸ್ಟೀಲಿನ ಡಬ್ಬಿ ಬಂತು. ತೆಗೆದರೆ ಒಬ್ಬಟ್ಟು, ಇನ್ನೂ ಬಿಸಿಯಾಗಿದ್ದವು. ಪಂಚಾಂಗ ನೋಡಿದೆ, ಅಂದು ಹಬ್ಬ ಯಾವುದೂ ಇರಲಿಲ್ಲ.